1983ರ ಪ್ರಶ್ನೆಗೆ ಒಂದು ತಡವಾದ ಉತ್ತರ



ನಿಟ್ಟೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ದಿನಗಳಲ್ಲಿ ಬಿಳಿ ರಕ್ತಕಣಗಳನ್ನು ‘ದೇಹದ ಸೈನಿಕರು’ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. 1983ರಲ್ಲಿ ಒಬ್ಬ ಹುಡುಗ ಎದ್ದುನಿಂತು, “ಸರ್, ನನ್ನ ಮಾವನ ಮೈಯಲ್ಲಿ ಸೈನಿಕರು ಇರಲಿಲ್ಲವೇ?” ಎಂದು ಕೇಳಿದ. ಬೆಳ್ತಂಗಡಿ ಕಡೆಯಲ್ಲಿದ್ದ ಅವನ ಸೋದರಮಾವ ಆ ವರ್ಷ ಮಂಗನ ಕಾಯಿಲೆಯಿಂದ ತೀರಿಕೊಂಡಿದ್ದರು. ನಾನು ನಿರುತ್ತರನಾದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗದ ವೈರಾಣುವನ್ನು ಉಣುಗುಗಳು ಹರಡುತ್ತವೆ. 1982–83ರಲ್ಲಿ ಅದು ಬೆಳ್ತಂಗಡಿ ತಾಲೂಕನ್ನು ತೀವ್ರವಾಗಿ ಕಾಡಿತು. ಅದೇ 1983ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹಯಾಕಾವಾ, ಹರ್ಜನ್‌ಬರ್ಗ್ ಮತ್ತು ಸಂಗಡಿಗರು ಇಲಿಗಳಲ್ಲಿ ಬಿ ಕೋಶಗಳ ಒಂದು ಪ್ರತ್ಯೇಕ ಗುಂಪನ್ನು ವಿವರಿಸಿದರು. ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳೆಲ್ಲ ಒಂದೇ ಬಗೆಯವಲ್ಲವೆಂಬ ಅರಿವಿಗೆ ಇದು ಬಲ ಕೊಟ್ಟಿತು.

ಆ ಗುಂಪನ್ನು ಇಂದು ಬಿ-1 ಎನ್ನುತ್ತಾರೆ. ಇಲಿಗಳಲ್ಲಿ ಇವು ಹೆಚ್ಚಾಗಿ ಹೊಟ್ಟೆ ಮತ್ತು ಎದೆಯ ಪೊಳ್ಳುಗಳಲ್ಲಿದ್ದು, ಸೋಂಕು ತಗಲುವ ಮೊದಲೇ ಐಜಿಎಂ ಎಂಬ ಪ್ರತಿಕಾಯವನ್ನು ಸ್ರವಿಸುತ್ತಿರುತ್ತವೆ. ಎರಡನೆಯ ಬಗೆಯವು ಗುಲ್ಮದ ಅಂಚುವಲಯದಲ್ಲಿ ನಿಂತು, ರಕ್ತದಲ್ಲಿ ಬಂದ ಸೂಕ್ಷ್ಮಜೀವಿಗೆ ಕೆಲವೇ ದಿನಗಳಲ್ಲಿ ಪ್ರತಿಕ್ರಿಯಿಸುತ್ತವೆ. ಈ ಎರಡೂ ಶೀಘ್ರಗಾಮಿಗಳು. ಆದರೆ ಇವುಗಳ ಪ್ರತಿಕಾಯಗಳ ಹಿಡಿತ ಸಾಮಾನ್ಯವಾಗಿ ಅಷ್ಟು ಬಿಗಿಯಲ್ಲ. ಮೂರನೆಯವು ದುಗ್ಧಗ್ರಂಥಿ ಮತ್ತು ಗುಲ್ಮದ ಕೋಶಕಗಳಲ್ಲಿರುತ್ತವೆ. ಟಿ ಕೋಶಗಳ ನೆರವಿನಿಂದ ಪಳಗಿ, ಒಂದೆರಡು ವಾರಗಳಲ್ಲಿ ನಿಖರವಾದ ಐಜಿಜಿ ಪ್ರತಿಕಾಯವನ್ನೂ ದೀರ್ಘಕಾಲದ ನೆನಪನ್ನೂ ಕೊಡುತ್ತವೆ.

ಮಂಗನ ಕಾಯಿಲೆಯ ಪರೀಕ್ಷೆಯಲ್ಲೂ ಈ ಕ್ರಮ ಕಾಣುತ್ತದೆ. ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್ ಮೂಲಕ ವೈರಾಣುವನ್ನೇ ಹುಡುಕುತ್ತಾರೆ. ಬಳಿಕ ರಕ್ತದಲ್ಲಿ ಐಜಿಎಂ ಇದೆಯೇ ಎಂದು ನೋಡುತ್ತಾರೆ.

ಆ ಹುಡುಗನಿಗೆ ಇಂದು ಹೇಳುವುದಾದರೆ ಇಷ್ಟು: ನಿನ್ನ ಮಾವನ ಮೈಯಲ್ಲಿ ಸೈನಿಕರಿದ್ದರು. ಆದರೆ ಶತ್ರುವನ್ನು ನಿಖರವಾಗಿ ಗುರುತಿಸುವ ಪಡೆ ಸಜ್ಜಾಗಲು ದಿನಗಳು ಬೇಕು. ರೋಗ ಅಷ್ಟು ದಿನ ಕಾಯುವುದಿಲ್ಲ. ಲಸಿಕೆಯ ಕೆಲಸ ಆ ದಿನಗಳನ್ನು ಮುಂಚಿತವಾಗಿಯೇ ಗಳಿಸಿಕೊಡುವುದು. ಮಂಗನ ಕಾಯಿಲೆಯ ಹಳೆಯ ಲಸಿಕೆಯ ಶಕ್ತಿ ಕುಂದಿದ್ದು ಕಂಡುಬಂದು, 2022ರಲ್ಲಿ ಅದರ ಬಳಕೆ ನಿಂತಿತು. ಕಾಡಿಗೆ ಹೋಗುವವರು ಮೈಗೆ ಉಣುಗು ಹತ್ತದಂತೆ ಎಚ್ಚರ ವಹಿಸಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಅಂದು ನಾನು ತರಗತಿಯಲ್ಲಿ, “ಕುಳಿತುಕೋ” ಎಂದಷ್ಟೇ ಹೇಳಿದ್ದೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅವನು ಇದನ್ನು ಓದಿದರೆ, ಈ ಮೇಷ್ಟ್ರನ್ನು ಕ್ಷಮಿಸಲಿ.