ಅಂಕಣದ ಲೆಕ್ಕ

ಎರಡು ಕಂಬಸಾಲುಗಳ ಅಥವಾ ಎರಡು ತೊಲೆಗಳ ನಡುವಿನ ಜಾಗವೇ ಅಂಕಣ. ಬಿಳಿಗೆರೆ, ನಂಜನಗೂಡು, ತಿ. ನರಸೀಪುರದ ಸೀಮೆಯಲ್ಲಿ ಹಳೆಯ ಮನೆಯ ದೊಡ್ಡಸ್ತಿಕೆಯನ್ನು ಹೇಳುತ್ತಿದ್ದುದು ಈ ಲೆಕ್ಕದಲ್ಲಿ: ಮೂರಂಕಣದ ಮನೆ, ಐದಂಕಣದ ಮನೆ. ಅಂಕಣದ ಅಗಲವನ್ನು ಗೊತ್ತುಮಾಡುತ್ತಿದ್ದುದು ಮರ. ಹೆಂಚಿನ ಭಾರಕ್ಕೆ ಬಾಗದೆ ಜಂತೆ ಎಷ್ಟು ಚಾಚಬಲ್ಲದೋ ಅಂಕಣ ಅಷ್ಟೇ. ಸಂಸಾರ ಬೆಳೆದರೆ ಇನ್ನೊಂದು ತೊಲೆ ಏರಿಸಿ ಒಂದಂಕಣ ಮುಂದಕ್ಕೆಳೆಯುವುದು. ಅಣ್ಣತಮ್ಮಂದಿರು ಬೇರೆಯಾದರೆ ಪಾಲೂ ಅಂಕಣದ ಲೆಕ್ಕದಲ್ಲೇ, ನಡುವೆ ಗೋಡೆಯೊಂದು ಎದ್ದರೆ ಮುಗಿಯಿತು. ಪತ್ರಿಕೆಯವರು ತಮ್ಮ ಪುಟದ ಕಟ್ಟಿಗೂ ಇದೇ ಪದವನ್ನು ಕಡ ತಂದುಕೊಂಡಿದ್ದಾರೆ.

ಗುಡಿಯಲ್ಲಿ ಮರದ ಜಾಗಕ್ಕೆ ಕಲ್ಲು ಬಂತು. ಕಲ್ಲಿನ ತೊಲೆ ಉದ್ದವಾದಷ್ಟೂ ಬಿರುಕುಬಿಡುವ ಭಯ. ಆದ್ದರಿಂದ ಅಂಕಣ ಕಿರಿದಾಗಿ ಕಂಬಗಳು ಒತ್ತಾದವು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯ ಹಂತಹಂತವಾಗಿ ಬೆಳೆದು ಅಷ್ಟು ವಿಸ್ತಾರವಾದದ್ದು ಒಂದೇ ಬಗೆಯ ಅಂಕಣವನ್ನು ಮತ್ತೆ ಮತ್ತೆ ಜೋಡಿಸಿದ್ದರಿಂದ.

ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಈ ಜಾಣ್ಮೆ ತುತ್ತತುದಿ ಮುಟ್ಟಿದೆ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯಕ್ಕೆ ಮೂರು ಗರ್ಭಗುಡಿ; ಮೂರರ ಹೊರಮೈಯೂ 16 ಮೂಲೆಯ ನಕ್ಷತ್ರ. ಈ ಆಕಾರಕ್ಕೆ ಚೌಕವೊಂದೇ ಸಾಕು. ನಡುಬಿಂದುವನ್ನು ಕದಲಿಸದೆ ಚೌಕವನ್ನು 22.5 ಡಿಗ್ರಿಯಂತೆ ಮೂರು ಸಲ ತಿರುಗಿಸಿದರೆ, ಮೊದಲನೆಯದೂ ಸೇರಿ ನಾಲ್ಕು ಚೌಕಗಳ 16 ಮೂಲೆಗಳು ಹೊರಚಾಚುತ್ತವೆ. ಒಳಗೆ ಕಡೆತದ ಕಂಬಗಳ ನಡುವೆ ಅಂಕಣಗಳು ಒಂದೇ ಹದದವು, ತಲೆಯೆತ್ತಿದರೆ ಚಾವಣಿಯ ಭುವನೇಶ್ವರಿಗಳು ಬೇರೆ ಬೇರೆ. ಚೌಕಟ್ಟು ಗೊತ್ತಾಗಿದ್ದುದರಿಂದಲೇ ಶಿಲ್ಪಿಗೆ ಅದರೊಳಗೆ ಇಷ್ಟು ಸಲಿಗೆ ಸಿಕ್ಕಿತೆನ್ನಬೇಕು. ರೂವಾರಿ ಮಲ್ಲಿತಮ್ಮ ತನ್ನ ವಿಗ್ರಹಗಳ ಕೆಳಗೆ ಹೆಸರನ್ನೂ ಕೊರೆದಿದ್ದಾನೆ.

ಇಂಥ ಪುನರಾವರ್ತನೆಯ ಗಣಿತ ಕನ್ನಡನಾಡಿನಲ್ಲಿ ಆಗಲೇ ಹಳೆಯದಾಗಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದ ‘ಗಣಿತಸಾರಸಂಗ್ರಹ’ದಲ್ಲಿ ಪೂರ್ಣಾಂಕದ ಉತ್ತರ ಹುಡುಕುವ ಕುಟ್ಟಕದ ಲೆಕ್ಕವೊಂದನ್ನು ಬಾಳೆಹಣ್ಣಿನ ಮೇಲೆ ಕಟ್ಟಿದ್ದಾನೆ, ರಸಬಾಳೆಯ ನಂಜನಗೂಡಿಗೆ ಒಪ್ಪುವ ಲೆಕ್ಕ. ಸಮನಾದ 63 ರಾಶಿ, ಮೇಲೆ 7 ಬಿಡಿಹಣ್ಣು. 23 ದಾರಿಹೋಕರು ಒಂದೂ ಉಳಿಯದಂತೆ ಸಮವಾಗಿ ಹಂಚಿಕೊಂಡರು. ರಾಶಿಯಲ್ಲಿ ಎಷ್ಟು ಹಣ್ಣಿದ್ದವು? ಅತಿ ಕಡಿಮೆಯೆಂದರೆ 5. ಒಟ್ಟು 322 ಹಣ್ಣು, ತಲೆಗೆ 14. ರಾಶಿಗೆ 28 ಹಣ್ಣಿದ್ದರೂ ಸರಿ, 51 ಇದ್ದರೂ ಸರಿ. ಇಪ್ಪತ್ತಮೂರು ಸೇರಿಸುತ್ತ ಹೋದಷ್ಟೂ ಉತ್ತರ ಕೆಡುವುದಿಲ್ಲ, ಮನೆಗೆ ಅಂಕಣ ಕೂಡಿದಂತೆ.

ಮನೆಗೆ ಅಂಕಣವಿದ್ದಂತೆ ಹೊಲದ ಅಳತೆಗೆ ಬೀಜವೇ ಆಧಾರವಾಗಿತ್ತು. 20 ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗ ಬೀಜ ಹಿಡಿಯುವ ಭೂಮಿಗೂ ಖಂಡುಗವೆಂದೇ ಹೆಸರು. ಬೀಜ ವಿರಳವಾಗಿ ಬೀಳುವ ಖುಷ್ಕಿಯ ಖಂಡುಗ ತರಿಯ ಖಂಡುಗಕ್ಕಿಂತ ಎಷ್ಟೋ ದೊಡ್ಡದು. ಕಂದಾಯದ ಅಧಿಕಾರಿಗೆ ಇದು ತಲೆನೋವು. ಬೇಸಾಯಗಾರನಿಗೆ ಮಾತ್ರ ನೆಲದ ಗುಣವನ್ನೂ ಬಿತ್ತನೆಯ ಖರ್ಚನ್ನೂ ಒಂದೇ ಮಾತಿನಲ್ಲಿ ತಿಳಿಸುವ ಅಳತೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸಂಸ್ಥಾನದ ಸರ್ವೆ ನಡೆದು, 33 ಅಡಿ ಸರಪಳಿ ಎಲ್ಲ ನೆಲಕ್ಕೂ ಒಂದೇ ಆಯಿತು. ಆ ಸರಪಳಿಯ ಚೌಕ ಒಂದು ಗುಂಟೆ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ.

ಮನೆಯ ಮಟ್ಟಿಗೆ ಅಂಥ ಬದಲಾವಣೆ ತಂದದ್ದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನಾಡಹೆಂಚನ್ನು ಒಂದರ ಮೇಲೊಂದು ಹೊಂದಿಸಿ ಕೂರಿಸಬೇಕಿತ್ತು. ಅಚ್ಚಿನಲ್ಲಿ ಒತ್ತಿದ ಹೆಂಚಾದರೆ ಒಂದರ ಕಚ್ಚಿಗೆ ಇನ್ನೊಂದು ತಾನಾಗಿ ಕೂರುತ್ತದೆ. ಅದಕ್ಕಾಗಿ ರೀಪರು ಪಟ್ಟಿಗಳ ಅಂತರ ಹೆಂಚಿನ ಅಳತೆಗೆ ಬಗ್ಗಬೇಕಾಯಿತು. ಈಗ ಕಾಂಕ್ರೀಟ್ ತಾರಸಿಯ ಕಾಲ; ಗುತ್ತಿಗೆದಾರರು ಮನೆ ಕಟ್ಟುವ ದರ ಹೇಳುವುದು ಚದರದಲ್ಲಿ, ಚದರಕ್ಕೆ 100 ಚದರ ಅಡಿ.