ನೆರೆಮನೆಯ ಬಾಗಿಲಲ್ಲಿ ನಮ್ಮ ಮಕ್ಕಳು

ಜನ್ನಕವಿಯು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಇಬ್ಬರು ಎಳೆಯರು ಚರಿಗೆಗೆಂದು ಊರೊಳಗೆ ಬರುತ್ತಾರೆ. ಸುದತ್ತಾಚಾರ್ಯರ ಸಂಘಕ್ಕೆ ಸೇರಿದ ಅಭಯರುಚಿ ಮತ್ತು ಅಭಯಮತಿ ಎಂಬ ಈ ಸೋದರ ಸೋದರಿಯರನ್ನು ಮಾರಿದತ್ತ ರಾಜನ ಭಟರು ಬೀದಿಯಲ್ಲೇ ಹಿಡಿದು ಚಂಡಮಾರಿಯ ಗುಡಿಗೆ ಬಲಿಗಾಗಿ ಎಳೆದೊಯ್ಯುತ್ತಾರೆ. ಮಕ್ಕಳು ಅಳುವುದಿಲ್ಲ, ಶಪಿಸುವುದಿಲ್ಲ. ಕತ್ತಿ ಹಿರಿದು ನಿಂತವನನ್ನು ಹರಸುತ್ತಾರೆ. ಮುಂದಿನ ಕಥೆಯೆಲ್ಲ ಅವರ ಆ ಒಂದು ನಡೆಯಿಂದ ಹುಟ್ಟುತ್ತದೆ. ನಮ್ಮ ಶ್ರಾವಕರ ಮನೆಗಳಲ್ಲಿ ನವರಾತ್ರಿಯ ಅಷ್ಟಮಿಯಂದು ಜೀವದಯಾಷ್ಟಮಿಯ ನಿಮಿತ್ತ ಈ ಕಥೆಯನ್ನು ಕೇಳುವ ರೂಢಿಯುಂಟು. ಹಿಟ್ಟಿನ ಕೋಳಿಯ ಪ್ರಸಂಗವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಪರರ ಬೀದಿಗೆ ಹೋದ ಮಕ್ಕಳ ನಡತೆಯನ್ನು ಕುರಿತು ಯೋಚಿಸುವವರು ಕಡಿಮೆ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವುಂಟು. ಕೆಲವು ವರ್ಷಗಳಿಂದ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಟೋಬರ್ 31ರ ಸಂಜೆ ಮಕ್ಕಳು ದೆವ್ವದ ವೇಷ ಹಾಕಿ, ಪ್ಲಾಸ್ಟಿಕ್ ಕುಂಬಳಕಾಯಿಯ ಬುಟ್ಟಿ ಹಿಡಿದು, ಮನೆಯಿಂದ ಮನೆಗೆ ಮಿಠಾಯಿ ಕೇಳುತ್ತ ಹೋಗುವುದು ಕಂಡುಬರುತ್ತಿದೆ. ನಮ್ಮ ಮಕ್ಕಳನ್ನು ಕಳುಹಿಸಬಹುದೇ ಎಂದು ತಾಯಂದಿರು ಕೇಳುತ್ತಾರೆ. ‘ಅದು ಪರದೇಶದ್ದು, ಬೇಡ’ ಎಂದುಬಿಡುವುದು ಸುಲಭ. ಆದರೆ ಮಕ್ಕಳು ಗುಂಪಾಗಿ ನೆರೆಯವರ ಬಾಗಿಲಿಗೆ ಹೋಗುವುದು ಈ ಊರಿಗೆ ಹೊಸದಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಬೆಳೆದ ಹಿರಿಯರಾರೂ ಅದನ್ನು ಬಲ್ಲರು.

ಚಾಮರಾಜಪೇಟೆಯು 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಪ್ಲೇಗ್ ಪಿಡುಗು ಪೇಟೆಯನ್ನು ಆವರಿಸಿದ ಮೇಲೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ತುಂಬತೊಡಗಿದವು. ಇಕ್ಕಟ್ಟಾದ ಪೇಟೆಯಲ್ಲಿ ಸ್ವಜಾತಿಯವರ ಕೇರಿಗಳಲ್ಲಿದ್ದವರು ಅಗಲವಾದ ಬೀದಿ, ಜಗಲಿ, ಕಾಂಪೌಂಡುಗಳುಳ್ಳ ಮನೆಗಳಿಗೂ ವಠಾರಗಳಿಗೂ ಬಂದರು. ಬಡಾವಣೆಗಳಲ್ಲೂ ಜಾತಿಗೊಂದು ಭಾಗವೆಂಬ ಎಣಿಕೆ ಇದ್ದೇ ಇತ್ತು. ಆದರೂ ಬಾಡಿಗೆಯ ವಠಾರದಲ್ಲಿ ಒಂದೇ ನಲ್ಲಿಯ ನೀರು ಹಿಡಿಯುವವರು ಬಹುಕಾಲ ಅಪರಿಚಿತರಾಗಿರಲಾರರು. ಅಂಥ ಕಡೆ ಮನೆಗಳ ನಡುವೆ ಮೊದಲು ದಾರಿ ಮಾಡಿದವರು ಮಕ್ಕಳು.

ಭಾದ್ರಪದದ ಚೌತಿಯಂದು ಅಕ್ಷತೆ ಹಿಡಿದು ‘ಗಣೇಶನ್ನ ಕೂರ್ಸಿದ್ದೀರಾ?’ ಎಂದು ಕೇಳುತ್ತ ನೂರೆಂಟು ಗಣಪತಿಗಳನ್ನು ಎಣಿಸುವ ಗುಂಪು; ಆಶ್ವಯುಜದಲ್ಲಿ ‘ಬೊಂಬೆ ಕೂರ್ಸಿದ್ದೀರಾ?’ ಎನ್ನುವ ಅದೇ ಗುಂಪು. ಒಳಗಿನಿಂದ ‘ಬನ್ನಿ’ ಎಂಬ ಮಾತು ಬಂದರೆ ಚಪ್ಪಲಿ ಹೊರಗೆ. ಮೆಟ್ಟಿಲುಗಳ ನಡುವೆ ರಕ್ತಚಂದನದ ಪಟ್ಟದ ಬೊಂಬೆಗಳು, ಕೆಳಗೆ ಚನ್ನಪಟ್ಟಣದ ಮರದ ಆಟಿಕೆಗಳು. ನೋಡಬೇಕು, ಮುಟ್ಟಬಾರದು. ಒಂದು ಹಾಡು ಹೇಳಬೇಕು. ಆಮೇಲೆ ಕೈಗೆ ಬೊಂಬೆ ಬಾಗಿನ ಬರುತ್ತಿತ್ತು. ಮೈಸೂರಿನ ಕಡೆಯವರು ಅದನ್ನು ಚರಪು ಎನ್ನುತ್ತಾರೆ. ಕಡಲೆ ಉಸಲಿಯೋ, ಕೊಬ್ಬರಿ ಮಿಠಾಯಿಯೋ, ಚಕ್ಕುಲಿಯ ತುಂಡೋ. ‘ಇಲ್ಲ ಮಕ್ಕಳೇ, ನಮ್ಮಲ್ಲಿ ಕೂರಿಸಿಲ್ಲ’ ಎಂದರೆ ಮುಖ ಸಣ್ಣದು ಮಾಡದೆ ಮುಂದಿನ ಮನೆಗೆ ಹೋಗಬೇಕು. ಅದು ಬರೆದಿಟ್ಟ ನಿಯಮವಲ್ಲ, ಆದರೆ ಮೀರಿದವನನ್ನು ಗುಂಪಿನ ದೊಡ್ಡ ಹುಡುಗಿಯೇ ಗದರುತ್ತಿದ್ದಳು.

ಇದಕ್ಕೂ ಹಿಂದೆ ಕೂಲಿಮಠಗಳ ಕಾಲದಲ್ಲಿ ಹಳೆಯ ಮೈಸೂರು ಸೀಮೆಯ ಅಯ್ಯನವರು ಮಹಾನವಮಿಯ ದಿನಗಳಲ್ಲಿ ತಮ್ಮ ಹುಡುಗರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದ ಹೇಳಿಸುತ್ತಿದ್ದರು. ಕಾಣಿಕೆ ಗುರುವಿಗೆ, ತಿನಿಸು ಮಕ್ಕಳಿಗೆ. ಕಲಿತದ್ದನ್ನು ಒಪ್ಪಿಸದೆ ಏನನ್ನೂ ಪಡೆಯುವಂತಿರಲಿಲ್ಲ. ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳಲ್ಲಿಯೂ ಅಕ್ಟೋಬರ್ ಕೊನೆಯ ರಾತ್ರಿ ವೇಷ ಹಾಕಿ ಬಂದ ಮಕ್ಕಳು ಹಾಡನ್ನೋ ಪದ್ಯವನ್ನೋ ಹೇಳಿದ ಮೇಲೆಯೇ ಹಣ್ಣು, ಕಾಯಿಬೀಜಗಳನ್ನು ಪಡೆಯುತ್ತಿದ್ದರೆಂಬುದು ಗಮನಾರ್ಹ. ‘ತಿನಿಸು ಕೊಡಿ, ಇಲ್ಲವಾದರೆ ಕೀಟಲೆ ಮಾಡುತ್ತೇವೆ’ ಎಂಬ ಬೆದರಿಕೆಯ ಮಾತು ಬಹಳ ತಡವಾಗಿ ಬಂದದ್ದು. 1920ರ ದಶಕದಲ್ಲಿ ಅದು ಕೆನಡಾದ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಎರಡನೆಯ ಮಹಾಯುದ್ಧದ ಸಕ್ಕರೆಯ ಪಡಿತರ ಮುಗಿದ ಮೇಲೆ ಅಮೆರಿಕದಲ್ಲಿ ವ್ಯಾಪಕವಾಯಿತು. ಅದೇ ಅಮೆರಿಕದಲ್ಲಿ 1950ರಿಂದ ಮಕ್ಕಳು ಆ ರಾತ್ರಿ ಡಬ್ಬಿ ಹಿಡಿದು ಯುನಿಸೆಫ್ ಸಂಸ್ಥೆಯ ಮೂಲಕ ಬೇರೆ ದೇಶದ ಮಕ್ಕಳಿಗಾಗಿ ಕಾಸು ಸಂಗ್ರಹಿಸಿದ್ದೂ ಉಂಟು.

ಬೆದರಿಕೆಯ ಮಾತನ್ನು ಎಲ್ಲರೂ ತಮಾಷೆಯೆಂದೇ ಬಲ್ಲರು. ಹೀಗಿದ್ದರೂ ಶ್ರಾವಕನ ದೃಷ್ಟಿಯಿಂದ ಒಂದು ಪ್ರಶ್ನೆ ಏಳುತ್ತದೆ. ಕೊಡದುದನ್ನು ತೆಗೆದುಕೊಳ್ಳುವುದೇ ಕಳವು ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ‘ಕೊಡದಿದ್ದರೆ ನೋಡಿ’ ಎಂದು ಪಡೆದದ್ದು ದತ್ತವೋ ಅದತ್ತವೋ? ನಗುತ್ತಲೇ ಕೊಟ್ಟವರದು ದತ್ತ. ಬಾಗಿಲು ತಟ್ಟುವ ಸದ್ದಿಗೆ ಬೇಸತ್ತು, ಮಕ್ಕಳು ಕಾರಿನ ಮೇಲೆ ಏನಾದರೂ ಗೀಚಿಯಾರೆಂದು ಕೊಟ್ಟವರದನ್ನು ಹಾಗೆನ್ನಲು ನನಗೆ ಮನಸ್ಸು ಬಾರದು.

ನಮ್ಮಲ್ಲಿ ಇಂಥದು ಇರಲಿಲ್ಲವೆಂದು ಬೀಗುವಂತಿಲ್ಲ. ಫಾಲ್ಗುಣದ ಹುಣ್ಣಿಮೆಗೆ ಮುಂಚಿನ ರಾತ್ರಿಗಳಲ್ಲಿ ಕಾಮಣ್ಣನನ್ನು ಸುಡಲು ಹುಡುಗರು ಸೌದೆ, ಬೆರಣಿಗಳನ್ನು ಕೇಳುತ್ತಿದ್ದರು. ಕೊಡದವರ ಹಿತ್ತಿಲಿನಿಂದ ಕದಿಯುತ್ತಿದ್ದರು. ಮುರಿದ ಕುರ್ಚಿ, ಬೇಲಿಯ ಗಳು, ಒಮ್ಮೊಮ್ಮೆ ಗಟ್ಟಿಮುಟ್ಟಾದ ಏಣಿಯೂ ಬೆಂಕಿಗೆ ಹೋಗುತ್ತಿತ್ತು. ಹಬ್ಬದ ಕಳವು ಕಳವಲ್ಲ ಎಂದು ಬೀದಿಯೇ ಒಪ್ಪಿತ್ತು. ಜೈನ ಮನೆಗಳ ಹಿರಿಯರು ಒಪ್ಪುತ್ತಿರಲಿಲ್ಲ. ಬೆಂಕಿಯಲ್ಲಿ ಸಾಯುವ ಹುಳುಹುಪ್ಪಟೆಗಳ ಮಾತು ಒಂದು ಕಡೆಗಿರಲಿ; ಕಳವಿಗೆ ಪ್ರೇರೇಪಿಸುವುದು, ಕದ್ದು ತಂದುದನ್ನು ಸ್ವೀಕರಿಸುವುದು ಎರಡೂ ಅಚೌರ್ಯಾಣುವ್ರತದ ಅತಿಚಾರಗಳೆಂದು ಅದೇ ಅಧ್ಯಾಯ ಎಣಿಸುತ್ತದೆ. ಮಗನ ಸಾಹಸ ಕೇಳಿ ನಕ್ಕ ತಂದೆಯೂ ಅನುಮೋದನೆಯ ದೋಷದಿಂದ ಪಾರಾಗಲಾರ.

ಎಳ್ಳು ಬೀರುವ ಸಂಪ್ರದಾಯವು ಇವೆಲ್ಲಕ್ಕಿಂತ ಬೇರೆ. ಸಂಕ್ರಾಂತಿಯ ಸಂಜೆ ರೇಷ್ಮೆ ಲಂಗ ತೊಟ್ಟ ಹುಡುಗಿಯರು ತಟ್ಟೆ ಹಿಡಿದು ಹೊರಡುತ್ತಿದ್ದುದು ಕೊಡಲು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ. ಜೊತೆಗೆ ಕಬ್ಬಿನ ತುಂಡು, ಎಲಚಿಹಣ್ಣು, ಸಕ್ಕರೆ ಅಚ್ಚು. ನೆರೆಯವರು ತಾವು ಮಾಡಿದ ಎಳ್ಳನ್ನು ತಟ್ಟೆಗೆ ಹಾಕಿ ಕಳುಹಿಸುವರು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಷ್ಟೆ. ಎರಡು ಮನೆಗಳ ನಡುವೆ ಮಾತು ಬಿಟ್ಟಿದ್ದರೂ ಆ ಸಂಜೆ ಮಗು ಹೋಗಿ ಬರುತ್ತಿತ್ತು. ಒಳ್ಳೆಯ ಮಾತಾಡಲೆಂದೇ ಎಳ್ಳುಬೆಲ್ಲ ತಿನ್ನುವುದು ಎಂಬ ಮಾತು ಕನ್ನಡಿಗರೆಲ್ಲರಿಗೂ ಗೊತ್ತು. ಅದನ್ನು ಎದುರುಮನೆಯ ಹೊಸಿಲಿಗೆ ತಲುಪಿಸಿದವಳು ಎಂಟು ವರ್ಷದ ಹುಡುಗಿ.

ಸಕ್ಕರೆ ಅಚ್ಚಿನ ವಿಷಯದಲ್ಲಿ ಮಾತ್ರ ನಮ್ಮ ಮನೆಗಳಲ್ಲಿ ಒಂದು ಎಚ್ಚರವಿತ್ತು. ಮರದ ಅಚ್ಚುಗಳಲ್ಲಿ ಗಿಳಿ, ಮೀನು, ಆನೆ, ಕುದುರೆಗಳಿರುತ್ತವೆ. ಪಾಕ ಹುಯ್ದು ಆರಿದ ಮೇಲೆ ಬೆಳ್ಳಗೆ ನಿಂತ ಮೀನಿನ ತಲೆಯನ್ನು ಮೊದಲು ಕಡಿಯಬೇಕೋ ಬಾಲವನ್ನೋ ಎಂದು ಮಕ್ಕಳು ಚರ್ಚಿಸುವುದನ್ನು ಕೇಳಿದ್ದೇವೆ. ಹಿಟ್ಟಿನ ಕೋಳಿಯನ್ನು ಕಡಿದ ಯಶೋಧರನಿಗೂ ಅವನ ತಾಯಿ ಚಂದ್ರಮತಿಗೂ ಒದಗಿದ ಭವಪರಂಪರೆಯನ್ನು ಬಲ್ಲ ತಾಯಿ ಅದಕ್ಕೆ ಹೇಗೆ ಒಪ್ಪಿಯಾಳು? ಅಲ್ಲಿ ಜೀವವಿರಲಿಲ್ಲ, ಸಂಕಲ್ಪವಿತ್ತು. ಆದುದರಿಂದ ನಮ್ಮ ತಟ್ಟೆಗಳಲ್ಲಿ ಗೋಪುರ, ಕಳಶ, ಹೂವು, ಬಾಳೆಗೊನೆಗಳ ಅಚ್ಚುಗಳು. ಹೊರಗಿನಿಂದ ಬಂದ ಗಿಳಿಯನ್ನು? ಮಗುವಿನ ಎದುರಿಗೆ ಮುರಿಯದೆ ಹಾಲಿನಲ್ಲಿ ಕರಗಿಸುತ್ತಿದ್ದವರನ್ನು ಕಂಡಿದ್ದೇನೆ. ಅದು ದೋಷವನ್ನು ಕಳೆಯಿತೋ ಮರೆಸಿತೋ, ಪಂಡಿತರು ಹೇಳಬೇಕು.

ಇನ್ನು ಬೇಡವೆನ್ನುವ ರೀತಿ. ನಮ್ಮ ಮಕ್ಕಳಿಗೆ ನಿಜವಾಗಿ ಕಠಿಣವಾದದ್ದು ಇದೇ. ಬೊಂಬೆಗೆ ಆರತಿ ಆಗುವುದು ದೀಪ ಹಚ್ಚಿದ ಮೇಲೆ. ನಮ್ಮಲ್ಲಿ ಸೂರ್ಯಾಸ್ತದ ನಂತರ ಊಟವಿಲ್ಲ. ಗಡ್ಡೆಗೆಣಸುಗಳಿಲ್ಲ. ಚಾಮರಾಜಪೇಟೆಯ ವಠಾರವೊಂದರಲ್ಲಿ ನಾನು ಏಳೆಂಟು ವರ್ಷದವನಿದ್ದಾಗ, ಆರತಿ ಮುಗಿಸಿ ಬೋಂಡ ಕೊಡಲು ಬಂದ ಎದುರುಮನೆಯ ಅಜ್ಜಿಗೆ, ‘ಇದರಲ್ಲಿ ಆಲೂಗಡ್ಡೆ ಇದೆ, ರಾತ್ರಿ ಬೇರೆ ಆಗಿದೆ, ತಿಂದರೆ ಪಾಪ ಬರುತ್ತೆ’ ಎಂದು ಎಲ್ಲರ ಮುಂದೆ ಹೇಳಿದೆ. ಪಾಠಶಾಲೆಯಲ್ಲಿ ಕಲಿತದ್ದನ್ನು ತಪ್ಪಿಲ್ಲದೆ ಒಪ್ಪಿಸಿದ ಹೆಮ್ಮೆ ನನಗೆ. ಅಜ್ಜಿಯ ಕೈ ಹಾಗೇ ನಿಂತಿತು. ಪಕ್ಕದಲ್ಲಿದ್ದ ಅವರ ಮೊಮ್ಮಗಳು ಬಾಯಲ್ಲಿದ್ದುದನ್ನು ನುಂಗಲಾರದೆ ನನ್ನನ್ನೇ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಅಮ್ಮ ಹೊಡೆಯಲಿಲ್ಲ. ‘ತಿನ್ನಬಾರದು ಅನ್ನೋದು ನಿನ್ನ ವ್ರತ. ಅವರ ಮನೇಲಿ ನಿಂತು ಅವರ ಪಾಪ ಲೆಕ್ಕ ಹಾಕು ಅಂತ ಯಾವ ವ್ರತ ಹೇಳುತ್ತೆ?’ ಎಂದಷ್ಟೇ ಕೇಳಿದರು. ಸತ್ಯವೂ ಹಿತವಾಗಿ, ಮಿತವಾಗಿ, ಪ್ರಿಯವಾಗಿ ಬರಬೇಕೆಂಬುದನ್ನು ನಾನು ಗ್ರಂಥದಲ್ಲಿ ಓದಿದ್ದು ಬಹಳ ವರ್ಷಗಳ ನಂತರ. ಮರುದಿನ ಬೆಳಿಗ್ಗೆ ಅಮ್ಮ ನನ್ನನ್ನು ಎದುರುಮನೆಗೆ ಕಳುಹಿಸಿದರು. ನಮಸ್ಕಾರ ಮಾಡಿದೆ, ಮಾತು ಹೊರಡಲಿಲ್ಲ.

ಮುನಿಗಳ ಆಹಾರಚರ್ಯೆಯನ್ನು ಮಕ್ಕಳ ಆಟಕ್ಕೆ ಹೋಲಿಸುವುದು ಅತಿಯೆನಿಸಬಹುದು. ಆದರೆ ನಮ್ಮ ಮಕ್ಕಳು ಕಣ್ಣಾರೆ ಕಾಣಬಲ್ಲ ಅತ್ಯುತ್ತಮ ಸ್ವೀಕಾರವಿಧಿ ಅದೇ. ದಿಗಂಬರ ಮುನಿಗಳು ಬಾಯಿಬಿಟ್ಟು ಕೇಳುವುದಿಲ್ಲ. ಶ್ರಾವಕರು ಬಾಗಿಲಲ್ಲಿ ಕಳಶ ಹಿಡಿದು ಪ್ರತಿಗ್ರಹಣ ಮಾಡಿದರೆ, ಮನಸ್ಸಿನಲ್ಲಿ ಮಾಡಿಕೊಂಡ ನಿಯಮ ಕೂಡಿಬಂದರೆ, ನಿಂತು ಕರಪಾತ್ರದಲ್ಲಿ ಸ್ವೀಕರಿಸುವರು. ಇಲ್ಲವಾದರೆ ಮೌನವಾಗಿ ಹಿಂದಿರುಗುವರು. ಇಪ್ಪತ್ತೆರಡು ಪರೀಷಹಗಳಲ್ಲಿ ಯಾಚನೆ ಮತ್ತು ಅಲಾಭಗಳೂ ಸೇರಿವೆ. ಕೇಳದಿರುವುದು ಒಂದು, ಸಿಗದಿದ್ದಾಗ ಕದಡದಿರುವುದು ಮತ್ತೊಂದು. ಚೌಕದ ಬಳಿ ನಿಂತು ಅಂತರಾಯವಾದ ದಿನವನ್ನು ಒಮ್ಮೆ ಕಂಡ ಮಗು, ಮುಚ್ಚಿದ ಬಾಗಿಲಿನ ಮುಂದೆ ಗದ್ದಲ ಮಾಡುವುದು ಕಡಿಮೆ.

ಅಕ್ಟೋಬರ್ ಸಂಜೆಯ ವಿಷಯಕ್ಕೆ ಬರುವುದಾದರೆ, ಕಳುಹಿಸುವ ಕುಟುಂಬಗಳು ಸೂರ್ಯಾಸ್ತಕ್ಕೆ ಮುಂಚೆ ಊಟ ಮಾಡಿಸಿ ಕಳುಹಿಸಲಿ. ಬುಟ್ಟಿಗೆ ಬಿದ್ದುದನ್ನು ದಾರಿಯಲ್ಲಿ ಬಾಯಿಗೆ ಹಾಕದಿರಲಿ. ಮೆತ್ತಗಿನ ಬಣ್ಣದ ಮಿಠಾಯಿಗಳಲ್ಲಿ ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದ ಜಿಲೆಟಿನ್ ಇರುವುದುಂಟು. ಇಲ್ಲಿ ತಯಾರಾದುದಕ್ಕೆ ಹಸಿರು ಚುಕ್ಕೆಯಿದೆ. ವಿದೇಶದಿಂದ ಬಂಧುಗಳು ತಂದದ್ದಕ್ಕೆ ಅದೂ ಇರುವುದಿಲ್ಲ. ಅಲಂಕಾರವಿಲ್ಲದ, ದೀಪ ಆರಿಸಿದ ಬಾಗಿಲನ್ನು ತಟ್ಟದಿರುವುದು ಅಮೆರಿಕದ ಮಕ್ಕಳಿಗೂ ಹೇಳಿಕೊಡುವ ಮರ್ಯಾದೆಯೇ. ಬೆದರಿಕೆಯ ಮಾತಿನ ಬದಲು ಒಂದು ಹಾಡು ಹೇಳಲಿ. ಆ ಹಬ್ಬವೇ ಬೇಡವೆನ್ನುವವರ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಅಂಥವರು ಜನವರಿಯಲ್ಲಿ ಎಳ್ಳಿನ ತಟ್ಟೆ ಕೊಟ್ಟು ಮಗುವನ್ನು ಅದೇ ಮಹಡಿಯ ಬಾಗಿಲುಗಳಿಗೆ ಕಳುಹಿಸುತ್ತಾರೆಯೇ ಎಂದು ಕೇಳಬೇಕೆನಿಸುತ್ತದೆ.

ಆ ಅಜ್ಜಿಯ ಮನೆಯಲ್ಲಿ ಮರುವರ್ಷವೂ ಬೊಂಬೆ ಕೂರಿಸಿದರು. ಪಾಡ್ಯದ ದಿನ ನಾನು ನಾಚಿಕೆಯಿಂದ ಹೊರಗೇ ಬರಲಿಲ್ಲ. ಸಂಜೆ ಐದು ಗಂಟೆಯಿರಬೇಕು. ಬಿಸಿಲು ಇನ್ನೂ ಜಗಲಿಯ ಮೇಲಿತ್ತು. ಅಜ್ಜಿ ಬಾಗಿಲಿಗೆ ಬಂದು ಕೂಗಿದರು: ‘ಎಲ್ಲೋ ಮಗು? ಕಡಲೆ ಉಸಲಿ ಮಾಡಿದೀನಿ, ಗಡ್ಡೆ ಗಿಡ್ಡೆ ಏನೂ ಹಾಕಿಲ್ಲ. ಹೊತ್ತು ಮುಳುಗೋಕೆ ಮುಂಚೆ ಬಂದು ತಿಂದು ಹೋಗು. ಆರತಿ ಆಮೇಲೆ ನೋಡುವಿಯಂತೆ.’