ಮೆತ್ತನೆಯ ಮಂಜು ಗಟ್ಟಿ ಬಂಡೆಯನ್ನು ಕೊರೆದದ್ದು ಹೇಗೆ?

ಮಂಜುಗಡ್ಡೆಯ ತುಂಡೊಂದನ್ನು ಉಗುರಿನಿಂದ ಗೀರಿ ನೋಡಿ. ಗೆರೆ ಬೀಳುತ್ತದೆ. ಅದೇ ಉಗುರನ್ನು ಗ್ರಾನೈಟ್ ಕಲ್ಲಿನ ಮೇಲೆ ಎಳೆದರೆ ಸವೆಯುವುದು ಉಗುರೇ. ಮೋಸ್ ಕಾಠಿಣ್ಯ ಮಾಪಕದಲ್ಲಿ, ಕರಗುವ ತಾಪಕ್ಕೆ ಹತ್ತಿರವಿರುವ ಮಂಜುಗಡ್ಡೆಯ ಸ್ಥಾನ ಸುಮಾರು 1.5, ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್‌ನದು 6, ಕ್ವಾರ್ಟ್ಸ್‌ನದು 7. ಹೀಗಿದ್ದೂ 'ಹಿಮನದಿಗಳು ಪರ್ವತಗಳನ್ನು ಕೊರೆದು ಯು ಆಕಾರದ ಕಣಿವೆಗಳನ್ನು ನಿರ್ಮಿಸುತ್ತವೆ' ಎಂದು ಪಾಠ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಶಿಕ್ಷಕರ ಶಿಬಿರವೊಂದರಲ್ಲಿ ಅಧ್ಯಾಪಕಿಯೊಬ್ಬರು "ಸರ್, ಮೆತ್ತಗಿರುವುದು ಗಟ್ಟಿಯಾದದ್ದನ್ನು ಹೇಗೆ ಕೊರೆಯುತ್ತದೆ?" ಎಂದು ಕೇಳಿದರು. "ಅದರ ಭಾರದಿಂದ" ಎಂದು ಹೇಳಿ ನಾನು ಮುಂದೆ ಸಾಗಿಬಿಟ್ಟೆ. ಆ ಉತ್ತರ ಸಾಲದು. ಆಕೆಯ ಪ್ರಶ್ನೆಯನ್ನೇ 19ನೆಯ ಶತಮಾನದ ಘಟಾನುಘಟಿಗಳೂ ಕೇಳಿದ್ದರು.

ಮೊದಲು ತಿಳಿಯಬೇಕಿದ್ದುದು, ಈಗ ಮಂಜೇ ಇಲ್ಲದ ಕಣಿವೆಗಳಲ್ಲಿ ಹಿಂದೊಮ್ಮೆ ಹಿಮನದಿ ಇತ್ತೆಂಬ ಸಂಗತಿ. ಸ್ವಿಟ್ಜರ್ಲೆಂಡಿನ ಬೇಟೆಗಾರ ಪೆರ‍್ರೊಡಾನ್ 1815ರಲ್ಲಿಯೇ ಇದನ್ನು ಷಾರ್ಪಾಂತಿಯೆ ಎಂಬ ಭೂವಿಜ್ಞಾನಿಗೆ ಹೇಳಿದ್ದ. ಷಾರ್ಪಾಂತಿಯೆ ಆಗ ನಂಬಲಿಲ್ಲ. ಮುಂದೆ ವೆನೆಟ್ಸ್ ಎಂಬ ಎಂಜಿನಿಯರ್ ಅವನನ್ನು ಒಪ್ಪಿಸಿದ, ಷಾರ್ಪಾಂತಿಯೆ ಲೂಯಿ ಅಗಾಸಿಯನ್ನು ಒಪ್ಪಿಸಿದ. 1837ರಲ್ಲಿ ಅಗಾಸಿ ಹಿಮಯುಗದ ವಾದವನ್ನು ವಿದ್ವಾಂಸರ ಮುಂದಿಟ್ಟ. ಬೇಟೆಗಾರನ ಕಣ್ಣಿಗೆ ಕಂಡದ್ದು ಸಭೆಗೆ ಬರಲು 22 ವರ್ಷ ಹಿಡಿಯಿತು!

ಕಾಣುವುದು ಎಷ್ಟು ಕಷ್ಟ ಎಂಬುದಕ್ಕೆ ಚಾರ್ಲ್ಸ್ ಡಾರ್ವಿನ್ನನೇ ಸಾಕ್ಷಿ. 1831ರ ಆಗಸ್ಟಿನಲ್ಲಿ ಆತ ಕೇಂಬ್ರಿಜ್‌ನ ಪ್ರಾಧ್ಯಾಪಕ ಸೆಡ್ಜ್‌ವಿಕ್ ಜೊತೆ ವೇಲ್ಸ್‌ನ ಕುಮ್ ಇಡ್ವಲ್ ಎಂಬ ಬೋಗುಣಿಯಂಥ ಕಣಿವೆಗೆ ಹೋಗಿದ್ದ. ಇಬ್ಬರೂ ಗಂಟೆಗಟ್ಟಲೆ ಕಲ್ಲುಗಳನ್ನು ಪರೀಕ್ಷಿಸಿದರು. ಅವರು ಹುಡುಕುತ್ತಿದ್ದದ್ದು ಪಳೆಯುಳಿಕೆಗಳನ್ನು. ಸುತ್ತಲೂ ಗೀರುಬಿದ್ದ ಬಂಡೆಗಳು, ಎಲ್ಲಿಂದಲೋ ಬಂದು ಕೂತ ದೊಡ್ಡ ಗುಂಡುಗಳು, ಮೊರೇನ್ ಎನ್ನುವ ಕಲ್ಲುಮಣ್ಣಿನ ದಿಬ್ಬಗಳು ಇದ್ದವು. ಒಂದೂ ಅವರ ಗಮನಕ್ಕೆ ಬರಲಿಲ್ಲ. 1842ರಲ್ಲಿ, ಅಗಾಸಿಯ ವಾದ ಬ್ರಿಟನ್ನಿಗೆ ಬಂದ ಮೇಲೆ, ಡಾರ್ವಿನ್ ಅಲ್ಲಿಗೆ ಮರಳಿದ. ಈ ಸಲ ಹಿಮನದಿಯ ಗುರುತುಗಳು ಕಣ್ಣಿಗೆ ರಾಚಿದವು. ಅದೇ ವರ್ಷ ಆ ಬಗ್ಗೆ ಪ್ರಬಂಧವನ್ನೂ ಪ್ರಕಟಿಸಿದ. ಹನ್ನೊಂದು ವರ್ಷಗಳಲ್ಲಿ ಕಣಿವೆ ಬದಲಾಗಿರಲಿಲ್ಲ ತಾನೇ?

ಹಿಮನದಿ ಇತ್ತು, ಸರಿ. ಆದರೆ ಕಣಿವೆಯನ್ನು ಕೊರೆದದ್ದೂ ಅದೇನೇ? 1862ರಲ್ಲಿ ಆಂಡ್ರೂ ರಾಮ್ಸೆ ಒಂದು ಸಾಹಸದ ಮಾತು ಹೇಳಿದ: ಆಲ್ಪ್ಸ್ ತಪ್ಪಲಿನ ದೊಡ್ಡ ಸರೋವರಗಳ ಗುಂಡಿಗಳನ್ನು ತೋಡಿದ್ದು ಮಂಜು. ಇಟಲಿಯ ಮಾಜ್ಜೋರೆ ಸರೋವರವನ್ನು ನೋಡಿ. ಅದರ ನೀರಿನ ಮಟ್ಟ ಸಮುದ್ರದಿಂದ ಸುಮಾರು 193 ಮೀಟರ್ ಎತ್ತರದಲ್ಲಿದೆ, ಆಳ ಸುಮಾರು 370 ಮೀಟರ್. ಅಂದರೆ ತಳ ಸಮುದ್ರಮಟ್ಟಕ್ಕಿಂತಲೂ ಕೆಳಗೆ. ನೀರು ಹೊರಹೋಗುವ ಬಾಯಿಗಿಂತ ಕೆಳಕ್ಕೆ ಇಷ್ಟು ಆಳದ ಗುಂಡಿಯನ್ನು ಹೊಳೆ ತೋಡಲಾರದು. ಮರ್ಚಿಸನ್, ಲಯೆಲ್‌ರಂಥ ಹಿರಿಯ ಭೂವಿಜ್ಞಾನಿಗಳು ಒಪ್ಪಲಿಲ್ಲ. ಕಲಾವಿಮರ್ಶಕ ಜಾನ್ ರಸ್ಕಿನ್ ಕೂಡ ವಾದಕ್ಕಿಳಿದ. ವಿರೋಧದ ತಿರುಳು ಎರಡು ಮಾತು: ಮಂಜು ಮೆತ್ತಗಿದೆ, ಮೇಲಾಗಿ ಗುಂಡಿಗೆ ಇಳಿದದ್ದು ಮತ್ತೆ ಮೇಲೇರಿ ಬರುವುದೆಂತು? ಇವನ್ನು ಮೊಂಡುವಾದ ಎನ್ನುವುದು ಅನ್ಯಾಯ. ಆಗ ಉತ್ತರ ಯಾರ ಬಳಿಯೂ ಪೂರ್ತಿಯಾಗಿ ಇರಲಿಲ್ಲ.

ಎರಡನೆಯದಕ್ಕೆ ಉತ್ತರ ಸುಲಭ. ತಳದಲ್ಲಿ ತಗ್ಗಿರುವ ತಟ್ಟೆಯ ಒಂದು ಬದಿಗೆ ಜೋನಿಬೆಲ್ಲ ಸುರಿಯುತ್ತಾ ಹೋಗಿ. ತಗ್ಗು ತುಂಬಿ, ಆಚೆ ಬದಿಗೂ ಅದು ಹರಿಯುತ್ತದೆ. ಹರಿವನ್ನು ನಿರ್ಧರಿಸುವುದು ಮುಖ್ಯವಾಗಿ ಮೇಲ್ಮೈಯ ಇಳಿಜಾರು, ತಳದ್ದಲ್ಲ.

ಮೊದಲನೆಯ ಆಕ್ಷೇಪ ಕಠಿಣ. ಬಡಗಿಯ ಉಪ್ಪುಕಾಗದವನ್ನು ನೆನೆಯಿರಿ. ಮರವನ್ನು ಸವೆಸುವುದು ಕಾಗದವಲ್ಲ, ಅದಕ್ಕೆ ಅಂಟಿದ ಹರಳುಗಳು. ಹಿಮನದಿಯ ತಳದಲ್ಲಿ ಹೆಪ್ಪುಗಟ್ಟಿ ಸೇರಿಕೊಂಡ ಕಲ್ಲುಗಳು ಆ ಹರಳುಗಳ ಕೆಲಸ ಮಾಡುತ್ತವೆ. ಮಂಜು ಕೇವಲ ಕಾಗದ. ಆದರೆ ಉಪ್ಪುಕಾಗದ ಜಾರಬೇಕಲ್ಲ? ಒತ್ತಡ ಹೆಚ್ಚಿದರೆ ಮಂಜಿನ ಕರಗುವ ತಾಪ ಇಳಿಯುತ್ತದೆಂದು 1849ರಲ್ಲಿ ಜೇಮ್ಸ್ ಥಾಮ್ಸನ್ ಲೆಕ್ಕಹಾಕಿದ; ಮುಂದಿನ ವರ್ಷ ಅವನ ತಮ್ಮ ವಿಲಿಯಂ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವನು, ಪ್ರಯೋಗದಿಂದ ದೃಢಪಡಿಸಿದ. ಇಳಿಕೆ ಅತ್ಯಲ್ಪ. 300 ಮೀಟರ್ ದಪ್ಪದ ಮಂಜಿನ ತಳದಲ್ಲಿ ಒತ್ತಡ ನಮ್ಮ ಸುತ್ತಲ ವಾಯುಒತ್ತಡದ ಸುಮಾರು 27 ಪಟ್ಟು. ಕರಗುವ ತಾಪ ಇಳಿಯುವುದು 0.2 ಡಿಗ್ರಿ ಸೆಲ್ಸಿಯಸ್ ಮಾತ್ರ. ಅಷ್ಟೇ ಸಾಕು. ತಳದ ಬಂಡೆಯುಬ್ಬಿನ ಮೇಲ್ಬದಿಯಲ್ಲಿ ಒತ್ತಡ ಹೆಚ್ಚು, ಅಲ್ಲಿ ಮಂಜು ಕರಗುತ್ತದೆ. ನೀರು ಉಬ್ಬನ್ನು ಬಳಸಿ ಕೆಳಬದಿಗೆ ಹೋಗಿ ಮತ್ತೆ ಹೆಪ್ಪುಗಟ್ಟುತ್ತದೆ. ಭಾರ ಕಟ್ಟಿದ ತಂತಿ ಮಂಜುಗಡ್ಡೆಯೊಳಗೆ ಇಳಿದರೂ ಗಡ್ಡೆ ತುಂಡಾಗದ ಪ್ರಯೋಗವನ್ನು ನೀವು ತರಗತಿಯಲ್ಲಿ ಮಾಡಿ ತೋರಿಸಿರಬಹುದು, ಅದೇ ಪುನರ್ಘನೀಭವನ. ಇದನ್ನು ಹಿಮನದಿಯ ಜಾರುವಿಕೆಗೆ ಗಣಿತದಲ್ಲಿ ಅಳವಡಿಸಿದವನು ವೀರ್ಟ್‌ಮನ್, 1957ರಲ್ಲಿ. ಕೆಳಬದಿಯಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ: ಬಿರುಕುಬಿಟ್ಟ ಬಂಡೆಯ ತುಂಡುಗಳನ್ನು ಮಂಜು ಕಿತ್ತು ಒಯ್ಯುತ್ತದೆ. ಆದ್ದರಿಂದಲೇ ಇಂಥ ಉಬ್ಬುಗಳ ಒಂದು ಬದಿ ನುಣುಪು, ಇನ್ನೊಂದು ಬದಿ ಒರಟು ಹಾಗೂ ಕಡಿದು.

ಇನ್ನು ನನ್ನ 'ಭಾರ'ದ ಉತ್ತರ. ಕೊಳದ ತಳದಲ್ಲಿರುವ ಕಲ್ಲನ್ನು ಮೇಲಿನ ನೀರೆಲ್ಲ ಸೇರಿ ತಳಕ್ಕೆ ಒತ್ತುವುದಿಲ್ಲ. ಒತ್ತಡ ಎಲ್ಲ ಕಡೆಯಿಂದಲೂ ಇರುತ್ತದೆ. ಮಂಜೂ ಕಲ್ಲನ್ನು ಸುತ್ತುವರಿದು ನಿಧಾನವಾಗಿ ಹರಿಯುವ ವಸ್ತುವೇ. ಕಲ್ಲುಗಳು ವಿರಳವಾಗಿರುವಲ್ಲಿ ಅವು ಬಂಡೆಗೆ ಒತ್ತುವ ಬಲ ಮಂಜಿನ ದಪ್ಪವನ್ನು ಅವಲಂಬಿಸದು, ತಳ ಕರಗಿದಂತೆ ಮಂಜು ಎಷ್ಟು ವೇಗದಿಂದ ಬಂಡೆಯತ್ತ ಸರಿಯುತ್ತದೆಂಬುದನ್ನು ಅವಲಂಬಿಸುತ್ತದೆ ಎಂದು 1979ರಲ್ಲಿ ಬರ್ನಾರ್ಡ್ ಹ್ಯಾಲೆಟ್ ವಾದಿಸಿದ. ಕಲ್ಲು ದಟ್ಟವಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ಇನ್ನು ತಳ ಬಂಡೆಗೇ ಹೆಪ್ಪುಗಟ್ಟಿ ಹಿಡಿದುಕೊಂಡಲ್ಲಿ ಹಿಮನದಿ ಹೆಚ್ಚುಕಡಿಮೆ ಕೊರೆಯುವುದೇ ಇಲ್ಲ, ಹಳೆಯ ನೆಲವನ್ನು ಹೊದಿಕೆಯಂತೆ ಕಾಪಾಡುತ್ತದೆ. ಜಾರುವಲ್ಲಿ ವರ್ಷಕ್ಕೆ 1 ಮಿಲಿಮೀಟರ್ ಸವೆದರೂ ಒಂದು ಲಕ್ಷ ವರ್ಷಕ್ಕೆ 100 ಮೀಟರ್.

ರಾಮ್ಸೆಯ ಸರೋವರಗಳ ಪ್ರಶ್ನೆ ಈಗ ಹಿಮಾಲಯಕ್ಕೆ ಬಂದಿದೆ. ಹಿಮನದಿ ಹಿಂದೆ ಸರಿದಂತೆ, ಅದು ತೋಡಿದ ಗುಂಡಿಯಲ್ಲಿ, ಅದೇ ತಂದು ಸುರಿದ ಮೊರೇನ್ ಒಡ್ಡಿನ ಹಿಂದೆ ನೀರು ನಿಲ್ಲುತ್ತದೆ. 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ಸೌತ್ ಲೋನಾಕ್ ಸರೋವರಕ್ಕೆ ಪಕ್ಕದ ಮೊರೇನ್ ಕುಸಿದು ಬಿತ್ತು. ನುಗ್ಗಿದ ನೀರು ಚುಂಗ್‌ಥಾಂಗ್‌ನ ಅಣೆಕಟ್ಟನ್ನು ಕೊಚ್ಚಿಕೊಂಡು ತೀಸ್ತಾ ಕಣಿವೆಯುದ್ದಕ್ಕೂ ಜೀವಹಾನಿ ಮಾಡಿತು. ಮುಂದಿನ ಸರೋವರ ಎಲ್ಲಿ ಹುಟ್ಟಬಹುದು? ಸಂಶೋಧಕರು ಹಿಮನದಿಯ ಮೇಲ್ಮೈ ಇಳಿಜಾರಿನಿಂದ ಮಂಜಿನ ದಪ್ಪವನ್ನು ಅಂದಾಜು ಮಾಡಿ, ಇನ್ನೂ ಮಂಜಿನಡಿ ಅಡಗಿರುವ ಗುಂಡಿಗಳ ನಕ್ಷೆ ತಯಾರಿಸುತ್ತಿದ್ದಾರೆ.